ಊರು ಕೇಳದೆ ಗಾಡಿ ಮಾರುವುದು

ರಾಯಾಪುರದ ಗುರುಬಸಪ್ಪನವರಿಗೆ ಒಂದು ಚಟವಿತ್ತು. ಎಲೆ ಅಡಿಕೆಯಲ್ಲ, ಇಸ್ಪೀಟಲ್ಲ. ಎದುರಿಗೆ ಬಂದ ಮನುಷ್ಯನನ್ನು ಕೂರಿಸಿಕೊಂಡು "ಯಾವೂರಾತ್ರಿ ನಿಮ್ಮದು?" ಎಂದು ಕೇಳುವುದು. ಹುಬ್ಬಳ್ಳಿ ಧಾರವಾಡದ ಕಡೆ ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಬೇರೆಯವರು ಉತ್ತರ ಬಂದ ಮೇಲೆ "ಹೌದೇನ್ರಿ, ಛಲೋ ಆತು" ಎಂದು ಬಿಟ್ಟುಬಿಡುತ್ತಾರೆ. ಗುರುಬಸಪ್ಪನವರಿಗೆ ಅದು ಬರೀ ಆರಂಭ. ಊರಿನಿಂದ ಓಣಿಗೆ, ಓಣಿಯಿಂದ ಮನೆತನಕ್ಕೆ, ಮನೆತನದಿಂದ ಅಜ್ಜಿಯ ತವರಿಗೆ ನಡೆದು, ಚಹಾ ಆರುವುದರೊಳಗೆ ಆ ಮನುಷ್ಯನನ್ನು ತಮ್ಮ ಸಂಬಂಧಿಕನನ್ನಾಗಿ ಮಾಡಿಕೊಳ್ಳದಿದ್ದರೆ ಅವರಿಗೆ ಅಂದು ಉಂಡದ್ದು ಅರಗುತ್ತಿರಲಿಲ್ಲ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಅಲ್ಲಿ ನಟ್ಟಿಗೆ ಬೋಲ್ಟು ಹುಡುಕಿ ಹುಡುಕಿ ರೂಢಿಯಾದ ಕೈ ಈಗ ಮನುಷ್ಯರನ್ನು ಜೋಡಿಸುತ್ತಿದೆ ಎಂದು ಅವರ ಹೆಂಡತಿ ದಾನವ್ವ ಹೇಳುತ್ತಿದ್ದರು.

ಇಂಥ ಮನುಷ್ಯ ತನ್ನ ಮೋಟರ್ ಸೈಕಲ್ ಮಾರಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಗಾಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಕಪ್ಪು ಬಣ್ಣದ್ದು. ಹಳೆಯದು ಎಂದರೆ ಯಾರೂ ನಂಬುತ್ತಿರಲಿಲ್ಲ. ದಿನಾ ಮುಂಜಾನೆ ಗುರುಬಸಪ್ಪನವರು ತಮ್ಮ ಮೆತ್ತಗಾದ ಧೋತರದ ತುಂಡಿನಿಂದ ಅದನ್ನು ಒರೆಸುತ್ತಿದ್ದರು. ಮಳೆ ಬಂದರೆ ಮೊದಲು ಗಾಡಿಗೆ ತಾಡಪತ್ರಿ ಹೊದಿಸಿ ಆಮೇಲೆ ತಾವು ಒಳಗೆ ಓಡುತ್ತಿದ್ದರು. ಪಕ್ಕದ ಮನೆಯ ಉಡಚವ್ವ ಗೋಡೆಯ ಆಚೆಯಿಂದ ಇದನ್ನು ನೋಡಿ, "ನಮ್ಮ ಮನೀಯವರು ಇದರ ಅರ್ಧಾ ನನ್ನ ನೋಡ್ಕೊಂಡಿದ್ರ ನಾ ಇನ್ನೂ ನಾಕ ಮನಿ ಜಗಳಾ ಬಗೀಹರಸ್ತಿದ್ದೆ" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಜಗಳ ಬಗೆಹರಿಸುವುದು ಎಂದರೆ ಉಡಚವ್ವನ ಅರ್ಥದಲ್ಲಿ ಜಗಳ ಹಚ್ಚುವುದು.

ಇಷ್ಟು ಚೆಂದದ ಗಾಡಿಯನ್ನು ಯಾಕೆ ಮಾರಬೇಕು? ಶ್ರಾವಣದಲ್ಲಿ ಒಂದು ದಿನ, ಸತ್ತೂರಿನ ತಿರುವಿನಲ್ಲಿ, ದಾನವ್ವನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದಾಗ ಗುರುಬಸಪ್ಪನವರ ತಲೆ ಗಿರ್ರನೆ ತಿರುಗಿತು. ಪುಣ್ಯಕ್ಕೆ ಪಕ್ಕದಲ್ಲಿ ಉಸುಕಿನ ಗುಡ್ಡೆ ಇತ್ತು. ದಾನವ್ವನ ಸೀರೆಗೆ ಉಸುಕು ಹತ್ತಿತು, ಗುರುಬಸಪ್ಪನವರ ಮೊಣಕೈ ತರಚಿತು, ಗಾಡಿಗೆ ಗೀರೂ ಬೀಳಲಿಲ್ಲ, ಯಾಕೆಂದರೆ ಅವರು ಅದರ ಕೆಳಗೆ ಬಿದ್ದಿದ್ದರು. ಸತ್ತೂರಿನ ಆಸ್ಪತ್ರೆಯ ಡಾಕ್ಟರು ಕಿವಿಯೊಳಗಿನ ತೊಂದರೆ ಎಂದರು, ಗುಳಿಗೆ ಕೊಟ್ಟರು, ಇನ್ನು ಮೇಲೆ ಎರಡು ಗಾಲಿಯ ಗಾಡಿ ಮುಟ್ಟಬೇಡಿ ಎಂದರು. ದಾನವ್ವ ಅಲ್ಲೇ ಡಾಕ್ಟರ ಎದುರಿಗೇ ಗಂಡನ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿದರು: ಗಾಡಿ ಹತ್ತುವುದಿಲ್ಲ, ದೀಪಾವಳಿಯೊಳಗೆ ಮಾರುತ್ತೇನೆ.

ಗುರುಬಸಪ್ಪನವರು ಹೂಂ ಎಂದರು. ಗಾಡಿ ಹೋದರೆ ಹೋಗಲಿ. ಈ ಹೆಂಗಸನ್ನು ಹಿಂದೆ ಕೂರಿಸಿಕೊಂಡು ಊರೆಲ್ಲ ತಿರುಗುವುದು ಇಲ್ಲಿಗೆ ಮುಗಿಯಿತಲ್ಲ ಎಂಬುದೇ ಅವರಿಗೆ ತಡೆಯಲಾಗಲಿಲ್ಲ. ಇತ್ತ ದಾನವ್ವನಿಗೆ ಗಾಡಿ ಅಂಗಳದಲ್ಲಿ ಇರುವಷ್ಟು ದಿನ ಕಣ್ಣಿಗೆ ನಿದ್ದೆಯಿಲ್ಲ. ಗಂಡ ಧೋತರದ ತುಂಡು ಹಿಡಿದು ಹೊರಗೆ ಹೋದರೂ ಕಿಟಕಿಯಲ್ಲಿ ಇಣುಕುತ್ತಿದ್ದರು. ಕೀಲಿಯನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟರು.

ಹುಬ್ಬಳ್ಳಿಯಲ್ಲಿದ್ದ ಮಗಳು ಸೌಮ್ಯಾ ಫೋನಿನಲ್ಲಿ ಫೋಟೋ ಹಾಕಿ "ಚೆನ್ನಾಗಿ ನೋಡಿಕೊಂಡ ಗಾಡಿ ಮಾರಾಟಕ್ಕಿದೆ" ಎಂದು ಜಾಹೀರಾತು ಕೊಟ್ಟಳು. ಫೋನು ಬರತೊಡಗಿದವು.

ಮೊದಲು ಬಂದವನು ವಿಶಾಲ ಎಂಬ ತರುಣ. ಗಾಡಿ ನೋಡಿದ, ಓಡಿಸಿ ನೋಡಿದ, ಕಣ್ಣು ಅರಳಿಸಿದ. ಬೆಲೆಯೂ ಹೆಚ್ಚು ಕಡಿಮೆ ಕುದುರಿತು. ಆಗ ದಾನವ್ವ ಚಹಾ ತಂದರು. ಅದೇ ತಪ್ಪಾಯಿತು.

"ಯಾವೂರಾತೋ ತಮ್ಮಾ ನಿಂದು?"

"ನವಲಗುಂದ ರೀ ಕಾಕಾ."

"ನವಲಗುಂದದಾಗ ಯಾರ ಪೈಕಿ?"

"ಅಂಗಡಿಯವರ ಮನೆತನ ರೀ."

ಗುರುಬಸಪ್ಪನವರು ಚಹಾದ ಬಸಿ ಕೆಳಗಿಟ್ಟರು. "ತಡಿ, ತಡಿ. ನಿಮ್ಮ ದೊಡ್ಡವ್ವನ್ನ ಅಣ್ಣಿಗೇರಿಗೆ ಕೊಟ್ಟಾರೇನು?"

"ಹೌದ್ರಿ..."

"ಆಕಿ ನಾದಿನಿ ಮಗಳನ್ನ ನಮ್ಮ ಷಡ್ಡಕನ ತಮ್ಮಗ ತಂದೇವಲ್ಲೋ! ಏ ಇವಳ, ಕೇಳಿದೇನ? ಈ ಹುಡುಗ ನಮಗ ಅಳಿಯಾ ಆಗಬೇಕು!"

ಅಳಿಯನಾದ ಮೇಲೆ ಮುಗಿಯಿತು. ಅಳಿಯನಿಗೆ ಬಳಸಿದ ಗಾಡಿ ಕೊಟ್ಟರು ಎಂದು ಅಣ್ಣಿಗೇರಿಯಲ್ಲಿ ಯಾರಾದರೂ ಆಡಿಕೊಂಡರೆ? ನಾಳೆ ಟೈರ್ ಪಂಕ್ಚರ್ ಆದರೆ ಆ ಮಾತು ನವಲಗುಂದದ ಮೇಲೆ ಹಾದು ಷಡ್ಡಕನ ಮನೆ ಮುಟ್ಟುವುದಿಲ್ಲವೆ? ವಿಶಾಲನಿಗೆ ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಲಾಯಿತು. ಗಾಡಿ ಒಯ್ಯಲು ಬಂದವನು ಒಂದು ಪೊಟ್ಟಣ ಶೇಂಗಾ ಚಟ್ನಿ ಒಯ್ಯುತ್ತ ಬಸ್ಸಿನಲ್ಲಿ ಹೋದ.

ಎರಡನೆಯ ಸಲ ದಾನವ್ವ ಎಚ್ಚರ ವಹಿಸಿದರು. ಬಂದವರು ಧಾರವಾಡದ ಬಾಳಕೃಷ್ಣ ಎಂಬ ಮಾಸ್ತರು, ಬ್ರಾಹ್ಮಣರು. ಬೀಗತನ ಹಚ್ಚಲು ದಾರಿಯೇ ಇಲ್ಲ ಎಂದು ದಾನವ್ವ ನೆಮ್ಮದಿಯಿಂದ ಚಹಾಕ್ಕಿಟ್ಟರು. ಒಳಗೆ ಚಹಾ ಕುದಿಯುತ್ತಿತ್ತು, ಹೊರಗೆ ಗುರುಬಸಪ್ಪನವರು ಶೋಧಿಸುತ್ತಿದ್ದರು. ಬಾಳಕೃಷ್ಣರ ತಂದೆ ಯಾರು, ಯಾವ ಸಾಲೆಯಲ್ಲಿ ಕಲಿಸುತ್ತಿದ್ದರು ಎಂದು ಕೇಳಿದ್ದೇ ತಡ, ಎದ್ದು ನಿಂತು ಕೈ ಮುಗಿದರು. ಆ ತಂದೆಯೇ ಇವರಿಗೆ ನಾಲ್ಕನೆಯ ಇಯತ್ತೆಯಲ್ಲಿ ಲೆಕ್ಕ ಕಲಿಸಿದ ಮಾಸ್ತರು!

"ನನಗ ಮಗ್ಗಿ ಕಲಿಸಿದವರ ಮಗನ ಮುಂದ ನಾ ರೊಕ್ಕದ ಲೆಕ್ಕಾ ಹೇಳಲೇನ್ರಿ? ಗಾಡಿ ಹಂಗ ತಗೊಂಡ ಹೋಗ್ರಿ."

"ಛೇ ಛೇ, ಪುಕ್ಕಟ ಹೆಂಗ ಒಯ್ಯಲಿಕ್ಕೆ ಬರ್ತದರಿ? ನೀವ ಒಂದ ರೇಟು ಹೇಳ್ರಿ."

"ನೀವ ಹೇಳ್ರಿ."

"ಇಲ್ರಿ, ಮಾಲಕರು ನೀವು, ನೀವ ಹೇಳಬೇಕು."

ಧಾರವಾಡದ ಸಭ್ಯತೆ ಇಬ್ಬರಲ್ಲೂ ಸಮಸಮ ಇತ್ತು. ಹೊತ್ತು ಮುಳುಗುವವರೆಗೆ ಯಾರೂ ಸೋಲಲಿಲ್ಲ. ಕೊನೆಗೆ ಗುರುಬಸಪ್ಪನವರೇ ಬಾಳಕೃಷ್ಣರನ್ನು ಬಸ್ ನಿಲ್ದಾಣದ ತನಕ ಕಳಿಸಿ ಬಂದರು.

ತಿರುಗಿ ಬರುವಾಗ ದಾನವ್ವ ಬಾಗಿಲಲ್ಲೇ ನಿಂತಿದ್ದರು.

"ಗಾಡಿ ಮಾರಾಕತ್ತೀರೋ, ಬೀಗರನ್ನ ಕೂಡಸಾಕತ್ತೀರೋ?"

"ನಾ ಏನ ಮಾಡ್ಲಿ? ಎಲ್ಲಾರೂ ನಮ್ಮವರ ಆಗತಾರ."

"ಆಗತಾರಲ್ಲ, ಮಾಡ್ಕೋತೀರಿ! ಕೇಳ್ರಿ ಈಗ. ನಾಳೆ ಬರಾವಗ ಊರು ಕೇಳಬಾರದು. ಹೆಸರು ಕೇಳಬಾರದು. ನಿಮ್ಮ ಹೆಸರೂ ಹೇಳಬಾರದು, ನೀವ ಹೇಳಿದ್ರ ಅಂವ ಶುರು ಮಾಡ್ತಾನ. ಮನೀಗೆ ಅಂತೂ ಕರೀಲೇಬಾರದು. ಮನೀಗೆ ಬಂದ್ರ ಚಹಾ, ಚಹಾ ಬಂದ್ರ ಊರು. ಗಾಡಿ ತಳ್ಳಿಕೊಂಡ ಹೋಗಿ ಮೇನ್ ರೋಡಿನ ಬೇವಿನ ಗಿಡದ ಕೆಳಗ ನಿಂದರ್ರಿ. ರೇಟ ಗಟ್ಟಿ ಆದಮ್ಯಾಲ ನನಗ ಫೋನ ಹಚ್ರಿ, ನಾ ಕೀಲಿ, ಕಾಗದಪತ್ರ ತರತೇನಿ. ನನ್ನ ಆಣಿ ಐತಿ ನೋಡ್ರಿ!"

ಗೋಡೆಯ ಆಚೆಯಿಂದ ಉಡಚವ್ವ ತನ್ನ ಪಾಲಿನ ಸಲಹೆ ಕೊಟ್ಟಳು: "ಬಾಯಿಗೊಂದ ಟವೆಲ್ ಕಟ್ಟಿಗೊಳ್ಳಾಕ ಹೇಳ ದಾನವ್ವ. ತಪ್ಪಿ ಬಾಯಿ ತಗದ್ರೂ ನೆನಪಾಗತೈತಿ."

ಹೀಗಾಗಿ ಮರುದಿನ ಹನ್ನೊಂದರ ಬಿಸಿಲಿನಲ್ಲಿ, ಹುಬ್ಬಳ್ಳಿ ಧಾರವಾಡ ರಸ್ತೆಯ ಬದಿಯಲ್ಲಿ, ಗುರುಬಸಪ್ಪನವರು ಗಾಡಿಯನ್ನು ತಳ್ಳಿಕೊಂಡು ಬಂದು ಬೇವಿನ ಮರದ ಕೆಳಗೆ ನಿಂತರು. ಮೂಗಿನ ಕೆಳಗೆಲ್ಲ ಟವೆಲ್ ಸುತ್ತಿತ್ತು. ಬಿಸಿಲು ತಾಕಬಾರದೆಂದು, ಕಣ್ಣಿನ ಪೊರೆ ತೆಗೆಸಿದಾಗ ಕೊಟ್ಟ ಕರಿ ಕನ್ನಡಕ ಹಾಕಿಕೊಂಡಿದ್ದರು. ಹೋಗುವವರು ಬರುವವರು ಗುರುತು ಹಿಡಿದು ಮಾತಾಡಿಸಿಬಿಟ್ಟಾರು ಎಂದು ಮರದ ಮರೆಗೆ ಸರಿದು ಸರಿದು ನಿಲ್ಲುತ್ತಿದ್ದರು. ಅವರಷ್ಟು ಪ್ರಾಮಾಣಿಕ ಮನುಷ್ಯ ಆ ದಿನ ಆ ರಸ್ತೆಯಲ್ಲಿ ಇನ್ನೊಬ್ಬನಿರಲಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಆದರೆ ನೋಡಿದವರಿಗೆ ಹಾಗೆ ಕಾಣುವಂತಿರಲಿಲ್ಲ.

ಗಾಡಿ ನೋಡಲು ಬಂದವನು ಬೀರಲಿಂಗಪ್ಪ. ಕಾರ್ಖಾನೆಯಲ್ಲಿ ಪಾಳಿ ಕೆಲಸ. ಪಾಳಿ ಬಿಡುವ ಹೊತ್ತಿಗೆ ಬಸ್ಸು ಸಿಗುವುದಿಲ್ಲ, ಹೆಂಡತಿ ತುಂಬು ಬಸುರಿ. ನಂಬಿಕೆಯ ಗಾಡಿಯೊಂದು ಬೇಕಿತ್ತು ಅವನಿಗೆ. ಈ ಗಾಡಿಯನ್ನು ನೋಡುತ್ತಲೇ ಅವನಿಗೆ ಮನಸ್ಸಾಯಿತು. ಗಾಡಿಯ ಪಕ್ಕದಲ್ಲಿ ನಿಂತವರನ್ನು ನೋಡಿ ಅನುಮಾನವಾಯಿತು.

"ಕಾಕಾ, ಗಾಡಿ ನಿಮ್ಮದ ಏನ್ರಿ?"

ಗುರುಬಸಪ್ಪನವರು ತಲೆಯಾಡಿಸಿದರು.

"ನಿಮ್ಮ ಹೆಸರು?"

"ಹೆಸರ ತಗೊಂಡ ಏನ ಮಾಡ್ತಿ? ಗಾಡಿ ನೋಡು."

"ಒಂದ ಸಲಾ ಚಾಲೂ ಮಾಡಿ ತೋರಸ್ರಿ."

"ಕೀಲಿ ನನ್ನ ಕಡೆ ಇಲ್ಲ."

"ಕಾಗದಪತ್ರ?"

"ಅವೂ ಇಲ್ಲ. ಮೊದಲ ರೇಟ ಮಾತಾಡು. ಆಮ್ಯಾಲ ಒಬ್ಬರು ಬಂದು ಎಲ್ಲಾ ಕೊಡತಾರ."

"ಯಾರ್ರಿ ಅವರು?"

"ನಿನಗ್ಯಾಕ ಅದೆಲ್ಲಾ?"

ಬೀರಲಿಂಗಪ್ಪ ಗಾಡಿಗೆ ಒಂದು ಸುತ್ತು ಹಾಕಿದ. ಕೊನೆಯ ಪ್ರಯತ್ನವೆಂದು, ನಾಲ್ಕು ಮಾತಾಡಿದರೆ ಮನುಷ್ಯ ತಿಳಿದಾನು ಎಂದು ತಾನೇ ಬಾಯಿ ತೆಗೆದ. "ನಮ್ಮೂರು ಅಮ್ಮಿನಬಾವಿ ಆತ್ರಿ ಕಾಕಾ. ನಮ್ಮ ಅಜ್ಜ..."

ಅಮ್ಮಿನಬಾವಿ! ಗುರುಬಸಪ್ಪನವರ ತಂದೆಯ ಹೊಲ ಇದ್ದದ್ದೇ ಅಮ್ಮಿನಬಾವಿಯಲ್ಲಿ. ಬಾಯಿಯವರೆಗೆ ಬಂದ ಪ್ರಶ್ನೆಯನ್ನು ಟವೆಲ್ ಕಚ್ಚಿ ತಡೆದರು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ಹೇಳಬ್ಯಾಡ! ಊರ ಸುದ್ದಿ ಹೇಳಬ್ಯಾಡ ನನಗ!" ಎಂದು ಕೂಗಿದರು.

ಬೀರಲಿಂಗಪ್ಪನಿಗೆ ಖಾತ್ರಿಯಾದದ್ದು ಆಗಲೇ. ಈ ಕಡೆ ಸಾಲ ಕೊಡುವವರು ಊರು ಕೇಳುತ್ತಾರೆ. ಸಾಲ ಕೊಡದೆ ಕಳಿಸುವವರೂ ಕೇಳುತ್ತಾರೆ. ಬಸ್ಸಿನಲ್ಲಿ ಕಾಲು ತುಳಿದವನು ಕ್ಷಮೆ ಕೇಳುವ ಮೊದಲು ಊರು ಕೇಳುತ್ತಾನೆ. ಊರು ಕೇಳದವನು, ಹೇಳಿದರೆ ಕಿವಿ ಮುಚ್ಚಿಕೊಳ್ಳುವವನು ಕಳ್ಳನಲ್ಲದೆ ಇನ್ಯಾರು?

"ರೊಕ್ಕಾ ತಗೊಂಡ ಬರತೇನ್ರಿ ಕಾಕಾ, ಇಲ್ಲೇ ಇರ್ರಿ," ಎಂದು ಹೇಳಿ ಹೋದವನು ಹವಾಲ್ದಾರನನ್ನು ಕರೆದುಕೊಂಡು ಬಂದ.

ಹವಾಲ್ದಾರನ ಹೆಸರು ಫರಾಜ. ಇನ್ನೂ ತರುಣ, ದೊಡ್ಡ ಕಳ್ಳನೊಬ್ಬನನ್ನು ಹಿಡಿಯಬೇಕೆಂಬ ಆಸೆಯಲ್ಲಿದ್ದವನು. ಗುರುಬಸಪ್ಪನವರು ಖಾಕಿಯನ್ನು ನೋಡಿ ಹೆದರಲಿಲ್ಲ. ಹಳೆಯ ಗಾಡಿ ಕೊಳ್ಳುವಾಗ ತಿಳಿದವರೊಬ್ಬರನ್ನು ಜೊತೆಗೆ ಕರೆತರುವುದು ಪದ್ಧತಿಯಷ್ಟೆ? ಹುಡುಗನಿಗೆ ಹವಾಲ್ದಾರರ ಪರಿಚಯವಿದೆ, ಪರೀಕ್ಷೆ ಮಾಡಲು ಕರೆತಂದಿದ್ದಾನೆ ಎಂದುಕೊಂಡರು.

"ಏನ ಯಜಮಾನ್ರ, ಗಾಡಿ ಭಾರಿ ಐತಲ್ಲ?" ಎಂದ ಫರಾಜ, ಮೆಲ್ಲಗೆ ಹತ್ತಿರ ಬರುತ್ತ.

"ಮುಟ್ಟಿ ನೋಡ್ರಿ ಸಾಹೇಬ್ರ."

"ಎಲ್ಲಿಂದ ತಂದ್ರಿ?"

"ಅದನ್ನ ಹೇಳಾಕ ಬರೂದಿಲ್ರಿ. ಆಣಿ ಆಗೇತಿ."

"ಯಾರ ಹಾಕ್ಯಾರ ಆಣಿ?"

"ಹೆಂಡ್ತಿ."

ಫರಾಜ ಬೀರಲಿಂಗಪ್ಪನ ಮುಖ ನೋಡಿದ. "ಅಂದ್ರ ಅವರಿಗೂ ಇದು ಗೊತ್ತೈತಿ?"

"ಆಕಿಗೆ ಗೊತ್ತಿಲ್ದ ಹೆಂಗ್ರಿ? ಎಲ್ಲಾ ಆಕೀನ ಮಾಡ್ಸೂದು. ಕೀಲಿ, ಕಾಗದಾ ಎಲ್ಲಾ ಆಕಿ ಕಡೇನ. ನಾ ಬರೇ ಇಲ್ಲಿ ತಂದ ನಿಂದ್ರೂದು."

"ಇದಕ್ಕೂ ಮೊದಲ ಹಿಂಗ ಮಾಡೀರೇನು?"

"ಎರಡ ಸಲಾ ಆಗೇತ್ರಿ. ಒಬ್ಬಾಂವ ನವಲಗುಂದದ ಹುಡುಗ, ಇನ್ನೊಬ್ರು ಧಾರವಾಡದ ಮಾಸ್ತರು."

"ಮಾಸ್ತರೂ ಅದಾರ ಇದರಾಗ?"

"ಪಾಪ, ಇಬ್ರೂ ಬರಿಗೈಲೆ ಹೋದ್ರು. ಅದಕ್ಕ ಈ ಸಲಾ ಊರು ಹೆಸರು ಏನೂ ಬಾಯಿ ಬಿಡಬಾರದು ಅಂತ ಕಟ್ಟಪ್ಪಣಿ. ಟವೆಲ್ ಮಾತ್ರ ಬಾಜೂ ಮನಿ ಉಡಚವ್ವನ ಐಡಿಯಾ."

ಫರಾಜನ ಎದೆ ಹಿಗ್ಗಿತು. ನವಲಗುಂದದಿಂದ ಧಾರವಾಡದವರೆಗೆ ಹಬ್ಬಿದ ಜಾಲ, ಹೆಂಗಸರ ಮುಂದಾಳತ್ವ! "ನಡೀರಿ ಯಜಮಾನ್ರ, ನಿಮ್ಮ ಮನೀಗೆ ಹೋಗೂಣು," ಎಂದ.

"ಮನೀಗೆ ಕರೀಬಾರದು ಅಂತ ಹೇಳ್ಯಾರ್ರಿ."

"ನೀವು ಕರೀಬ್ಯಾಡ್ರಿ. ನಾನ ಬರತೇನಿ."

ಇದಕ್ಕೆ ಆಣೆಯಲ್ಲಿ ಅಡ್ಡಿಯಿರಲಿಲ್ಲ. ಗುರುಬಸಪ್ಪನವರು ಗಾಡಿ ತಳ್ಳುತ್ತ ಮುಂದೆ ನಡೆದರು, ಹಿಂದೆ ಹವಾಲ್ದಾರ, ಅವನ ಹಿಂದೆ ಬೀರಲಿಂಗಪ್ಪ, ಅವನ ಹಿಂದೆ ಅರ್ಧ ಗಡ್ಡ ಕೆರೆಸಿಕೊಂಡು ಕಟಿಂಗ್ ಅಂಗಡಿಯಿಂದ ಎದ್ದು ಬಂದ ಇಬ್ಬರು. ಸುದ್ದಿ ಇವರಿಗಿಂತ ಮುಂದೆ ಓಡಿ ಓಣಿ ಸೇರಿತ್ತು. ಉಡಚವ್ವ ಹವಾಲ್ದಾರನನ್ನು ಕಂಡದ್ದೇ ಸೆರಗನ್ನು ಬಾಯಿಗಿಟ್ಟುಕೊಂಡು, "ಅಯ್ಯ ಶಿವನ! ನಾ ಬರೇ ಟವೆಲ್ ಅಂದಿದ್ದೆ ರೀ ಸಾಹೇಬ್ರ, ಬ್ಯಾರೇ ಏನೂ ಮಾಡಿಲ್ಲ!" ಎಂದು ಯಾರೂ ಕೇಳದೆಯೇ ಒಪ್ಪಿಕೊಂಡುಬಿಟ್ಟಳು.

ಗದ್ದಲ ಕೇಳಿ ದಾನವ್ವ ಹೊರಗೆ ಬಂದರು. ರೊಟ್ಟಿ ತಟ್ಟುತ್ತಿದ್ದವರು, ಕೈಗೆಲ್ಲ ಹಿಟ್ಟು. ಬಾಯಿಗೆ ಟವೆಲ್ ಸುತ್ತಿದ ಗಂಡ, ಗಾಡಿ, ಖಾಕಿ, ಓಣಿಯ ಮಂದಿ, ಎಲ್ಲವನ್ನೂ ನೋಡಿದರು. ಫರಾಜ ಗಂಟಲು ಸರಿಮಾಡಿಕೊಂಡು ಗಡುಸಾಗಿ ಏನೋ ಹೇಳಲು ಹೊರಟ. ಅಷ್ಟರಲ್ಲಿ ದಾನವ್ವನ ಬಾಯಿಂದ ಬಂದುಬಿಟ್ಟಿತು:

"ಬರ್ರಿ, ಬರ್ರಿ ಸಾಹೇಬ್ರ, ಎಂಥಾ ಬಿಸಲಾಗ ಬಂದೀರಿ. ಕುಂದರ್ರಿ, ನೀರ ಕುಡೀರಿ. ಯಾವೂರಾತ್ರಿ ನಿಮ್ಮದು?"

ಗುರುಬಸಪ್ಪನವರು ಟವೆಲ್ ಕಿತ್ತು ಹೆಗಲಿಗೆ ಹಾಕಿಕೊಂಡರು.

"ನಾ ಕೇಳಬಾರದು ಅಂತ ಆಣಿ ಹಾಕಿ, ನೀ ಕೇಳತೀಯೇನ?"

"ನಾ ಎಲ್ಲಿ ಕೇಳಿದೆ? ಬಾಯಿ ಕೇಳತು," ಎಂದರು ದಾನವ್ವ.

ಕೇಳಿದ ಮೇಲೆ ಉತ್ತರ ಕೊಡದಿರುವುದು ಹೇಗೆ? ಫರಾಜನೂ ಇದೇ ನೆಲದವನು. ವಿಚಾರಣೆಯನ್ನು ಒಂದು ನಿಮಿಷ ಬದಿಗಿಟ್ಟು, "ನಮ್ಮದು ಹುಬ್ಬಳ್ಳೀನ ರೀ. ನಮ್ಮ ತಾಯಿ ಊರು ಗರಗ," ಎಂದ.

"ಗರಗದಾಗ ಯಾರು? ಹೆಸರೇನು?"

"ಶಹಜಹಾನಬೇಗಂ ಅಂತ ರೀ. ಖಾದಿ ಕೇಂದ್ರದಾಗ ನೂಲು ತಗೀತಿದ್ರು ಮೊದಲ."

ದಾನವ್ವ ಹಿಟ್ಟಿನ ಕೈಯಿಂದಲೇ ಫರಾಜನ ಕೈ ಹಿಡಿದುಕೊಂಡರು. ಖಾಕಿಯ ತೋಳಿಗೆ ಬಿಳಿ ಬೆರಳು ಮೂಡಿದವು. "ಶಹಜಹಾನನ ಮಗಾ ಏನೋ ನೀ! ನಾವಿಬ್ರೂ ಬಾಜೂ ಬಾಜೂ ಕುಂತ ನೂಲ ತಗದವರು. ನನ್ನ ಮದಿವ್ಯಾಗ ಮೆಹಂದಿ ಹಚ್ಚಿದಾಕಿ ಆಕಿ!"

"ದಾನಿ ಅನ್ನಾಕಿ ಒಬ್ಬಾಕಿ ಇದ್ಲು ಅಂತ ಅಮ್ಮಾ ಹೇಳತಿರತಾಳ್ರಿ. ತನ್ನ ನೂಲು ಹರದ್ರ ಅಮ್ಮನ ಮ್ಯಾಲ ಹಾಕತಿದ್ಲಂತ..."

"ನಾನ ಆ ದಾನಿ!" ಎಂದು ದಾನವ್ವ ಹೆಮ್ಮೆಯಿಂದ ಹೇಳಿದರು.

ಪೊಲೀಸ್ ಕೆಲಸ ಅಲ್ಲಿಗೆ ಮುಗಿಯಿತು. ಜೋಳದ ಡಬ್ಬಿಯಿಂದ ಕೀಲಿ ಬಂತು, ಟ್ರಂಕಿನಿಂದ ಕಾಗದಪತ್ರ ಬಂದವು, ಎಲ್ಲ ಗುರುಬಸಪ್ಪನವರ ಹೆಸರಿನಲ್ಲೇ ಇದ್ದವು. ಬಾಯಿಗೆ ಟವೆಲ್ ಯಾಕೆ ಎಂಬ ಕಥೆ ಕೇಳಿ ಫರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಓಣಿಯ ಮಂದಿಗೆ ನಿರಾಸೆಯಾಯಿತು. ಗಡ್ಡ ಅರ್ಧವಾದವರು ಉಳಿದರ್ಧ ಕೆರೆಸಲು ತಿರುಗಿ ಹೋದರು. ಎಲ್ಲರಿಗೂ ಚಹಾ ಬಂತು.

ಈ ಗಲಾಟೆಯಲ್ಲಿ ಬೀರಲಿಂಗಪ್ಪ ಒಬ್ಬನೇ ಕಟ್ಟೆಯ ತುದಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಅವನನ್ನೇ ನೋಡುತ್ತ ಗುರುಬಸಪ್ಪನವರು ಚಡಪಡಿಸುತ್ತಿದ್ದರು. ಏಳುತ್ತಿದ್ದರು, ಕೂಡುತ್ತಿದ್ದರು, ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ದಾನವ್ವನಿಗೆ ಕನಿಕರ ಬಂತು.

"ಕೇಳ್ರಿ ಇನ್ನ. ಹೊಟ್ಟಿ ಒಡಕೊಂಡೀತು ನಿಮ್ಮದು."

"ಅಮ್ಮಿನಬಾವ್ಯಾಗ ಯಾರ ಪೈಕಿ?" ಬಂದೂಕಿನಿಂದ ಗುಂಡು ಹಾರಿದ ಹಾಗೆ ಹಾರಿತು ಪ್ರಶ್ನೆ.

"ಕುರುಬರು ರೀ. ನಮ್ಮ ಅಜ್ಜ ಕುರಿ ಕಾಯತಿದ್ದ. ನಿಂಗಜ್ಜ ಅಂತ."

"ಕುಂಟ ನಿಂಗಜ್ಜ? ಬಿಳೀ ಕಂಬಳಿ?"

"ಹೌದ್ರಿ!"

"ಬ್ಯಾಸಗ್ಯಾಗ ಗೊಬ್ಬರಕ್ಕಂತ ನಿಮ್ಮಜ್ಜನ ಕುರಿ ನಮ್ಮಪ್ಪನ ಹೊಲದಾಗ ಮಲಗತಿದ್ದವು! ಆ ಗೊಬ್ಬರದಾಗ ಬೆಳದ ಜ್ವಾಳಾ ತಿಂದ ನಾ ದೊಡ್ಡಾಂವ ಆಗೇನಿ. ಈ ಮೈ ಐತಲ್ಲ, ಇದು ನಿಮ್ಮ ಕುರೀದು!"

ಸಂಬಂಧಗಳನ್ನು ಜೋಡಿಸುವುದರಲ್ಲಿ ಗುರುಬಸಪ್ಪನವರು ಅಂದು ಮುಟ್ಟಿದ ಎತ್ತರವನ್ನು ಆಮೇಲೆ ಅವರೂ ಮುಟ್ಟಲಿಲ್ಲ. ಕುರಿಯ ಕಡೆಯಿಂದ ಬೀಗತನ ಹಚ್ಚಿದವರು ಆ ಸೀಮೆಯಲ್ಲಿ ಅವರೊಬ್ಬರೇ ಇರಬೇಕು.

ಆದರೆ ಬೀರಲಿಂಗಪ್ಪ ನಗಲಿಲ್ಲ. ನವಲಗುಂದದವನ ಕಥೆ, ಮಾಸ್ತರರ ಕಥೆ ಆಗಲೇ ಅವನ ಕಿವಿಗೆ ಬಿದ್ದಿದ್ದವು. ಚಹಾ ಬಸಿ ಕೆಳಗಿಟ್ಟು ಎದ್ದ. "ಅಂದ್ರ ನನಗೂ ಗಾಡಿ ಕೊಡೂದಿಲ್ಲ ಅಂದಂಗಾತಲ್ರಿ. ಆಗಲಿ ಕಾಕಾ. ನಾ ನಿಮ್ಮನ್ನ ಕಳ್ಳ ಅಂದೆ, ತಪ್ಪಾತು. ಬರತೇನಿ."

ಗುರುಬಸಪ್ಪನವರು ಅವನ ಮುಖ ನೋಡಿದರು, ಗಾಡಿಯ ಮುಖ ನೋಡಿದರು.

ಆಗ ಫರಾಜ ಬಾಯಿ ಹಾಕಿದ. ಎಷ್ಟೆಂದರೂ ಪೊಲೀಸ್ ಬುದ್ಧಿ. "ಕಾಕಾ, ಖರೇ ಹೇಳ್ರಿ. ನಿಮಗ ಗಾಡಿ ಮಾರೂ ಮನಸೈತಿ ಇಲ್ಲೋ?"

ಈ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಹೆಂಡತಿ ಕೇಳಿರಲಿಲ್ಲ, ಮಗಳು ಕೇಳಿರಲಿಲ್ಲ. ಗುರುಬಸಪ್ಪನವರು ನೆಲ ನೋಡುತ್ತ, "ಇಲ್ಲ," ಎಂದರು.

ಮತ್ತೆ ತಾವೇ ಹೇಳಿದರು: "ಗಾಡಿ ಆಸೇಕ್ಕಲ್ಲಪಾ. ಈಕಿಗೆ ನಾ ಬಂಗಾರ ಹಾಕಲಿಲ್ಲ, ಕಾಶಿ ತೋರಿಸಲಿಲ್ಲ. ಹಿಂದ ಕುಂಡರಿಸಿಕೊಂಡು ಬೇಕಂದಲ್ಲಿ ಕರಕೊಂಡ ಹೋಗತಿದ್ದೆ, ಅಷ್ಟ. ಅದೊಂದ ನನ್ನ ಕೈಯಾಗ ಇತ್ತು. ಅದೂ ಹೋದ್ರ ನಾ ಯಾತಕ್ಕ ಬೇಕು ಆಕಿಗೆ?"

ಉಡಚವ್ವ ಗೋಡೆಯ ಆಚೆ ಮೂಗು ಒರೆಸಿಕೊಂಡಳು. ದಾನವ್ವ ಗಂಡನ ಎದುರಿಗೆ ಬಂದು ನಿಂತರು.

"ಅವತ್ತ ಉಸುಕಿನ್ಯಾಗ ನೀವು ಕಣ್ಣ ಮುಚ್ಚಿ ಬಿದ್ದಿದ್ರಿ," ಎಂದರು. "ನಾ ಹೆಸರ ಹಿಡದ ಕೂಗಿದೆ, ಗೊತ್ತೈತೇನು? ಲಗ್ನ ಆದಾಗಿಂದ ಒಮ್ಮೆನೂ ಕೂಗದಾಕಿ ಕೂಗಿದೆ. ನೀವು ಓ ಅನ್ನೂ ತನಕಾ ನನ್ನ ಜೀಂವಾ ಜೀಂವದಾಗ ಇರಲಿಲ್ಲ. ನನಗ ಗಾಡಿ ಬ್ಯಾಡ, ತಿರಗೂದ ಬ್ಯಾಡ. ಓ ಅನ್ನಾಕ ನೀವು ಬೇಕು."

ಗುರುಬಸಪ್ಪನವರು ಕರಿ ಕನ್ನಡಕ ತೆಗೆದು ಕಣ್ಣನ್ನು ಟವೆಲ್‌ನಿಂದ ಒರೆಸಿಕೊಂಡರು. ದಾನವ್ವ ಸರಸರನೆ ಬೀರಲಿಂಗಪ್ಪನ ಕಡೆ ತಿರುಗಿದರು. ತಮ್ಮ ಕಣ್ಣೀರು ಮಂದಿಗೆ ಕಾಣಬಾರದೆಂಬ ಅವಸರ.

"ಕುಂದರೋ ತಮ್ಮಾ, ಎಲ್ಲಿ ಹೊಂಟಿ? ಗಾಡಿ ನಿನಗ ಕೊಡೂದು."

"ಊರು ಕೇಳದ ಪರ ಮಂದಿಗೆ ಮಾರ್ರಿ ಅಂತ ನೀನ ಹೇಳಿದ್ದಿಯಲ್ಲ?" ಎಂದರು ಗುರುಬಸಪ್ಪನವರು.

"ಹೇಳಿದ್ದೆ. ತಪ್ಪ ಹೇಳಿದ್ದೆ. ಪರ ಮಂದಿಗೆ ಮಾರಿದ್ರ ಗಾಡಿ ಹೋದ ಹಾದಿ ಗೊತ್ತಾಗೂದಿಲ್ಲ. ನಮ್ಮವರಿಗೆ ಕೊಟ್ರ ಹಬ್ಬಕ್ಕ ಬರತೈತಿ, ಹುಣ್ಣಿವಿಗೆ ಬರತೈತಿ, ಸತ್ತೂರಿಗೆ ಗುಳಿಗಿ ತರಾಕ ಹೋಗೂದಿದ್ರ ನಿಮ್ಮನ್ನೂ ಹತ್ತಿಸಿಕೊಂಡ ಹೋಗತೈತಿ. ಏನೋ ತಮ್ಮಾ?"

"ಬಂದ ಬರತೇನ್ರಿ ಕಾಕೂ!" ಎಂದ ಬೀರಲಿಂಗಪ್ಪ, ಮುಖವೆಲ್ಲ ಹಲ್ಲು ಮಾಡಿಕೊಂಡು. "ಕೂಸು ಹುಟ್ಟಿದ ಮ್ಯಾಲೆ ಮೂರೂ ಮಂದಿ ಬರತೇವಿ."

ಬೆಲೆ ಹೇಳಲು ಗುರುಬಸಪ್ಪನವರ ನಾಲಿಗೆ ಮತ್ತೆ ಏಳಲಿಲ್ಲ. ಫರಾಜನೇ ನಡುವೆ ನಿಂತು ಒಂದು ಬೆಲೆ ಹೇಳಿದ, ಇಬ್ಬರೂ ತಲೆಯಾಡಿಸಿದರು. ಹವಾಲ್ದಾರ ಬಂದದ್ದಕ್ಕೆ ಅಷ್ಟಾದರೂ ಪ್ರಯೋಜನವಾಯಿತು.

ಒಯ್ಯುವ ಮೊದಲು ಬೀರಲಿಂಗಪ್ಪ ಒಂದು ಕೋರಿಕೆ ಇಟ್ಟ. ಗಾಡಿಯ ರೀತಿ ನೀತಿ ತನಗೆ ತಿಳಿಯದು, ಕಾಕಾ ಒಂದು ಸುತ್ತು ಹಿಂದೆ ಕೂತು ಹೇಳಿಕೊಡಬೇಕು. ದಾನವ್ವ ಒಪ್ಪಿದರು, ಓಡಿಸುವವನು ಬೇರೆಯವನು, ಆಣೆಗೆ ಭಂಗವಿಲ್ಲ. ಆದರೆ ಗುರುಬಸಪ್ಪನವರು ಗಾಡಿಯ ಪಕ್ಕದಲ್ಲಿ ಸುಮ್ಮನೆ ನಿಂತುಬಿಟ್ಟರು. ಅವರು ಇಡೀ ಆಯುಷ್ಯದಲ್ಲಿ ಯಾರ ಹಿಂದೆಯೂ ಕೂತವರಲ್ಲ. ಕಾಲು ಎಲ್ಲಿಡಬೇಕು, ಕೈಯಿಂದ ಏನು ಹಿಡಿಯಬೇಕು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ದಾನವ್ವ ಅಂಗಳಕ್ಕಿಳಿದು ಬಂದರು. "ಕಾಲು ಈ ಕಡ್ಡೀ ಮ್ಯಾಲ ಇಡ್ರಿ. ಮೊಣಕಾಲ ಒಳಗ ತಗೋರಿ, ಇಲ್ಲಾಂದ್ರ ರಿಕ್ಷಾದಾವ್ರು ಸವರಿಕೊಂಡ ಹೋಗತಾರ. ಒಂದ ಕೈ ಹಿಂದ ಕಬ್ಬಣಾ ಹಿಡೀರಿ, ಒಂದ ಕೈ ಅವನ ಹೆಗಲ ಮ್ಯಾಲ. ಗಟ್ಟಿ ಒತ್ತಬ್ಯಾಡ್ರಿ, ಓಡಸಾವಗ ಭಾರ ಆಗತೈತಿ. ತಗ್ಗ ಬಂದ್ರ ಸ್ವಲ್ಪ ಮ್ಯಾಲ ಏಳ್ರಿ. ಮತ್ತ ಹೋಗೂ ಮುಂದ ಮಾತಾಡಬ್ಯಾಡ್ರಿ, ಮುಂದಿನವಗ ಏನೂ ಕೇಳ್ಸೂದಿಲ್ಲ, ಸುಮ್ನ ಹೂಂ ಅಂತಾನ."

"ನಾ ಹಂಗ ಅಂತಿದ್ದೆನೇನು?"

"ಕೂಡ್ರಿ ಮೊದಲ."

ಗಾಡಿ ಹೊರಟಿತು. ಓಣಿ ದಾಟಿತು, ಮೇನ್ ರೋಡ್ ಮುಟ್ಟಿತು, ಸತ್ತೂರಿನ ಕಡೆಗೆ ಸ್ವಲ್ಪ ದೂರ ಹೋಗಿ ತಿರುಗಿ ಬಂತು. ಗುರುಬಸಪ್ಪನವರು ಇಳಿದು, ಅಂಗಿ ಸರಿಮಾಡಿಕೊಂಡು, ನೇರ ಹೆಂಡತಿಯ ಹತ್ತಿರ ಬಂದರು. ಮುಖದಲ್ಲಿ ಏನೋ ದೊಡ್ಡ ಅನ್ಯಾಯ ಕಂಡುಹಿಡಿದ ಭಾವ.

"ಅಲ್ಲ, ಹಿಂದ ಕುಂತ್ರ ಏನೂ ಕಾಣೂದ ಇಲ್ಲಲ್ಲ! ರೋಡ ಇಲ್ಲ, ಗಿಡಾ ಇಲ್ಲ, ಬರೇ ಮುಂದಿನವನ ಬೆನ್ನು. ಇಷ್ಟ ವರ್ಷ ನೀ ಏನ ನೋಡಿಕೋಂತ ಕುಂತಿದ್ದಿ?"

ದಾನವ್ವ ಚಹಾ ಬಸಿಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ತಲೆ ಎತ್ತಲಿಲ್ಲ.

"ಬೆನ್ನ," ಎಂದರು. "ಛಲೋ ಇತ್ರಿ. ಅದಕ್ಕ ಕುಂತಿದ್ದೆ."